ಛಾಯಾಚಿತ್ರ ವಿದ್ಯೆ ಮತ್ತು ತಳಹದಿಯ ವರ್ಷ

ಹಿಂದಿನ ಸಂಸ್ಕೃತ ಪಾಠಶಾಲೆಗಳಲ್ಲಿ ಕಾವ್ಯವನ್ನು ಓದಬೇಕೆಂಬ ಹಂಬಲದಿಂದ ಬಂದ ಬಾಲಕನ ಕೈಗೆ ಮೊದಲ ದಿನವೇ ರಘುವಂಶವನ್ನು ಕೊಡುವ ವಾಡಿಕೆ ಇರಲಿಲ್ಲ. ಶಬ್ದರೂಪ, ಧಾತುರೂಪ, ಅಮರಕೋಶ ಇವುಗಳನ್ನು ಕಂಠಸ್ಥ ಮಾಡಿದ ಮೇಲೆಯೇ ಅವನಿಗೆ ಕಾವ್ಯದ ಬಾಗಿಲು ತೆರೆಯುತ್ತಿತ್ತು. ಹಾಗೆ ಕಳೆದ ಕಾಲ ವ್ಯರ್ಥವಾಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ಬ್ರಿಟನ್ನಿನ ಹಲವು ವಿಶ್ವವಿದ್ಯಾನಿಲಯಗಳು ಛಾಯಾಚಿತ್ರಕಲೆಯ ವಿಷಯದಲ್ಲಿ ಇಂದು ಇಂಥದೇ ಕ್ರಮವನ್ನು ಅನುಸರಿಸುತ್ತಿವೆ. ಮೂರು ವರ್ಷಗಳ ಆನರ್ಸ್ ಪದವಿಗೆ ಮುಂಚೆ ಒಂದು ವರ್ಷದ ಪೂರ್ವಶಿಕ್ಷಣವನ್ನು ಜೋಡಿಸಿ, ಒಟ್ಟು ನಾಲ್ಕು ವರ್ಷಗಳ ವ್ಯಾಸಂಗವನ್ನು ಏರ್ಪಡಿಸಿವೆ. ಈ ಮೊದಲ ವರ್ಷಕ್ಕೆ ಅಲ್ಲಿ ಫೌಂಡೇಶನ್ ವರ್ಷವೆಂದು ಹೆಸರು. ಕನ್ನಡದಲ್ಲಿ ತಳಹದಿಯ ವರ್ಷವೆನ್ನಬಹುದು. ಗುಂಡಿ ಒತ್ತಿದೊಡನೆ ಚಿತ್ರ ಮೂಡುವ ಈ ಕಾಲದಲ್ಲಿ ಛಾಯಾಚಿತ್ರಕ್ಕೆ ನಾಲ್ಕು ವರ್ಷಗಳೇ, ಅದರಲ್ಲೂ ಒಂದು ವರ್ಷ ಬರಿಯ ತಳಹದಿಗೇ ಎಂದು ಶಂಕಿಸುವವರುಂಟು. ಆ ಶಂಕೆಗೆ ಸಮಾಧಾನವು ಆ ವರ್ಷದ ಪಾಠದ ಸ್ವರೂಪದಲ್ಲಿಯೇ ಅಡಗಿದೆ.

ಮೊದಲು ಹೆಸರನ್ನೇ ವಿಚಾರಿಸಬಹುದು. ಗ್ರೀಕ್ ಮೂಲದ ಫೋಟೋಗ್ರಫಿ ಎಂಬ ಶಬ್ದಕ್ಕೆ ಬೆಳಕಿನ ಬರಹವೆಂದು ಅರ್ಥ. 1839ರಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಪ್ರಮುಖನು. ಕನ್ನಡವು ಇದಕ್ಕೆ ಛಾಯಾಚಿತ್ರವೆಂಬ ಹೆಸರನ್ನಿತ್ತಿತು. ಅಮರಕೋಶವಾದರೋ ಛಾಯಾ ಶಬ್ದಕ್ಕೆ ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ನೆರಳು ಎಂಬ ಅರ್ಥಗಳನ್ನು ಹೇಳುತ್ತದೆ. ಕಾಂತಿಯೂ ನೆರಳೂ ಅವುಗಳ ಸಂಯೋಗದಿಂದ ಹುಟ್ಟುವ ಪ್ರತಿಬಿಂಬವೂ ಒಂದೇ ಶಬ್ದದಲ್ಲಿ ನೆಲೆಸಿರುವುದು ಈ ಕಲೆಗೆ ಎಷ್ಟು ಒಪ್ಪುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ತಳಹದಿಯ ವರ್ಷದ ಪಠ್ಯಕ್ರಮವು ಹೆಚ್ಚುಕಡಿಮೆ ಈ ಮೂರು ಅರ್ಥಗಳ ವ್ಯಾಖ್ಯಾನವೇ ಆಗಿದೆ.

ಈ ಪದ್ಧತಿಯ ಬೇರು ಜರ್ಮನಿಯಲ್ಲಿದೆ. 1919ರಲ್ಲಿ ವೈಮಾರ್ ನಗರದಲ್ಲಿ ಸ್ಥಾಪಿತವಾದ ಬೌಹೌಸ್ ಕಲಾಶಾಲೆಯಲ್ಲಿ ಯೋಹಾನ್ನೆಸ್ ಇಟ್ಟೆನ್ ಎಂಬ ಅಧ್ಯಾಪಕನು ಒಂದು ಪ್ರಾರಂಭಿಕ ಶಿಕ್ಷಣವನ್ನು ರೂಪಿಸಿದನು. ಮರಗೆಲಸಕ್ಕೆ ಹೋಗುವವನಾಗಲಿ ನೇಯ್ಗೆಗೆ ಹೋಗುವವನಾಗಲಿ ಮೊದಲು ರೇಖೆ, ಆಕಾರ, ಬಣ್ಣ, ವಸ್ತುಗಳ ಮೈವಳಿಕೆ ಇವುಗಳನ್ನು ಅರಿಯಬೇಕೆಂಬುದು ಅದರ ನಿಯಮ. 1923ರಲ್ಲಿ ಅಲ್ಲಿಗೆ ಬಂದ ಹಂಗೇರಿಯ ಲಾಸ್ಲೋ ಮೊಹೊಲಿ-ನಾಗಿ ಬೆಳಕನ್ನೇ ಒಂದು ಸಾಮಗ್ರಿಯೆಂದು ಭಾವಿಸಿದವನು. ನಾಜಿಗಳ ಒತ್ತಡದಿಂದ 1933ರಲ್ಲಿ ಆ ಶಾಲೆ ಮುಚ್ಚಿತಾದರೂ ಅದರ ವಿಚಾರ ಅಳಿಯಲಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವಿಕ್ಟರ್ ಪಾಸ್‌ಮೋರ್ ಮತ್ತು ರಿಚರ್ಡ್ ಹ್ಯಾಮಿಲ್ಟನ್, ಲೀಡ್ಸ್‌ನಲ್ಲಿ ಹ್ಯಾರಿ ಥುಬ್ರನ್ ಮೊದಲಾದವರು ಅದನ್ನು ಮುಂದುವರಿಸಿದರು. 1960ರಲ್ಲಿ ಚಿತ್ರಕಾರ ವಿಲಿಯಂ ಕೋಲ್ಡ್‌ಸ್ಟ್ರೀಮ್ ಅಧ್ಯಕ್ಷತೆಯ ಮಂಡಲಿಯು ಕಲಾ ಡಿಪ್ಲೊಮಾಕ್ಕೆ ಮುಂಚೆ ಪೂರ್ವಶಿಕ್ಷಣವು ಅವಶ್ಯವೆಂದು ವರದಿಯಿತ್ತಿತು. 1974ರಲ್ಲಿ ಆ ಡಿಪ್ಲೊಮಾ ಪದವಿಯ ಮನ್ನಣೆ ಪಡೆಯಿತು. 1992ರಲ್ಲಿ ಪಾಲಿಟೆಕ್ನಿಕ್‌ಗಳು ವಿಶ್ವವಿದ್ಯಾನಿಲಯಗಳಾದುವು. ಲಂಡನ್ನಿನ ರೀಜೆಂಟ್ ಬೀದಿಯ ಪಾಲಿಟೆಕ್ನಿಕ್ ಕಟ್ಟಡದ ಮಾಳಿಗೆಯ ಮೇಲೆ 1841ರಲ್ಲಿ ರಿಚರ್ಡ್ ಬಿಯರ್ಡ್ ಭಾವಚಿತ್ರದ ಸ್ಟುಡಿಯೋ ತೆರೆದಿದ್ದನು. ಅದೇ ಪಾಲಿಟೆಕ್ನಿಕ್ಕಿನ ಪರಂಪರೆಗೆ ಸೇರಿದ ಸಂಸ್ಥೆ ಇಂದು ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾನಿಲಯವಾಗಿದೆ.

ಈಗ ಪಾಠದ ಕ್ರಮ. ಸಾಮಾನ್ಯವಾಗಿ ತಳಹದಿಯ ವರ್ಷದ ವಿದ್ಯಾರ್ಥಿಗೆ ಕ್ಯಾಮರಾ ಒಂದೇ ಉಪಕರಣವಲ್ಲ. ಅವನು ಇದ್ದಿಲಿನಿಂದ ಚಿತ್ರ ಬರೆಯುತ್ತಾನೆ, ಕಾಗದವನ್ನು ಕತ್ತರಿಸಿ ಅಂಟಿಸುತ್ತಾನೆ, ಅಚ್ಚು ತೆಗೆಯುತ್ತಾನೆ. ಬಿಳಿಯ ಮೊಟ್ಟೆಯನ್ನು ಬಿಳಿಯ ಬಟ್ಟೆಯ ಮೇಲಿಟ್ಟು ಬರೆಯಲು ಹೇಳಿದರೆ, ಬಿಳುಪೆಂದು ತಾನು ಭಾವಿಸಿದ್ದರಲ್ಲಿ ಹತ್ತಾರು ಬೂದುಬಣ್ಣಗಳಿವೆಯೆಂಬುದು ಅವನಿಗೆ ಗೋಚರವಾಗುತ್ತದೆ. ಈ ಅರಿವಿಲ್ಲದವನ ಕೈಯಲ್ಲಿ ಎಷ್ಟೇ ಬೆಲೆಯ ಕ್ಯಾಮರಾ ಇದ್ದರೂ ಅದು ನೋಡುವುದೇ ಹೊರತು ಅವನು ನೋಡುವುದಿಲ್ಲ.

ಅನಂತರ ಮಸೂರವೇ ಇಲ್ಲದ ಕ್ಯಾಮರಾ. ಬೆಳಕು ನುಸುಳದ ತಗಡಿನ ಡಬ್ಬಿಗೆ ಸೂಜಿಯ ಮೊನೆಯಷ್ಟು ರಂಧ್ರ ಮಾಡಿ, ಒಳಗೆ ಬೆಳಕಿಗೆ ಸ್ಪಂದಿಸುವ ಕಾಗದವನ್ನಿಟ್ಟರೆ, ಹೊರಗಿನ ದೃಶ್ಯವು ತಲೆಕೆಳಗಾಗಿ ಮೂಡುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ಪುಸ್ತಕದಲ್ಲಿ ಓದಿದ್ದು ಆಗ ಪ್ರತ್ಯಕ್ಷವಾಗುತ್ತದೆ. ಎಲೆಯನ್ನೋ ಕೀಲಿಕೈಯನ್ನೋ ನೇರವಾಗಿ ಆ ಕಾಗದದ ಮೇಲಿರಿಸಿ ಬೆಳಕು ಬಿಟ್ಟರೆ, ಕ್ಯಾಮರಾದ ಹಂಗಿಲ್ಲದೆ ಫೋಟೋಗ್ರಾಂ ಸಿದ್ಧವಾಗುತ್ತದೆ.

ಕತ್ತಲೆ ಕೋಣೆಯ ಪಾಠವು ತಾಳ್ಮೆಯ ಪಾಠ. ಕಾಗದದ ಮೇಲಿನ ಬೆಳ್ಳಿಯ ಲವಣಗಳ ಮೇಲೆ ಬೆಳಕು ಬಿದ್ದಾಗ ಕಣ್ಣಿಗೆ ಕಾಣದ ಗುಪ್ತಬಿಂಬವೊಂದು ಉಂಟಾಗುತ್ತದೆ. ಡೆವಲಪರ್ ದ್ರಾವಣವು ಆ ಬಿಂಬವನ್ನು ಕಪ್ಪು ಬೆಳ್ಳಿಯಾಗಿಸಿ ಪ್ರಕಟಪಡಿಸುತ್ತದೆ; ಆಮ್ಲದ್ರಾವಣವು ಆ ಕ್ರಿಯೆಯನ್ನು ನಿಲ್ಲಿಸುತ್ತದೆ; ಹೈಪೋ ಎಂಬ ಲವಣವು ಬೆಳಕು ತಾಗದೆ ಉಳಿದ ಭಾಗವನ್ನು ಕರಗಿಸಿ ಚಿತ್ರವನ್ನು ಸ್ಥಿರಗೊಳಿಸುತ್ತದೆ. ಹೈಪೋವಿನ ಈ ಗುಣವನ್ನು 1819ರಲ್ಲಿ ಕಂಡವನೂ ಮೇಲೆ ಹೇಳಿದ ಹರ್ಷೆಲ್ಲನೇ. ಡಿಜಿಟಲ್ ಯುಗದಲ್ಲಿಯೂ ಹಲವೆಡೆ ಈ ಅಭ್ಯಾಸವನ್ನು ಉಳಿಸಿಕೊಂಡಿರುವುದು ಹಳೆಯದರ ಮೋಹದಿಂದಲ್ಲ. ಸುರುಳಿಯಲ್ಲಿ ಮೂವತ್ತಾರೇ ಚಿತ್ರಗಳಿಗೆ ಅವಕಾಶವಿರುವಾಗ ಪ್ರತಿಯೊಂದನ್ನೂ ತೆಗೆಯುವ ಮುನ್ನ ಮನಸ್ಸು ನಿಂತು ವಿಚಾರಿಸುತ್ತದೆ.

ಇದರ ಜೊತೆಯಲ್ಲಿ ಬೆಳಕಿನ ಲೆಕ್ಕವನ್ನು ಕಲಿಸುತ್ತಾರೆ. ಮಸೂರದ ರಂಧ್ರವನ್ನು 2.8, 4, 5.6, 8, 11, 16 ಎಂಬ ಅಂಕಗಳಿಂದ ಸೂಚಿಸುವುದುಂಟು. ಅಂಕವು ಒಂದು ಮೆಟ್ಟಿಲೇರಿದಂತೆ ಒಳಬರುವ ಬೆಳಕು ಅರ್ಧವಾಗುತ್ತದೆ. ಕವಾಟವು ತೆರೆದಿರುವ ಕಾಲವನ್ನು ಸೆಕೆಂಡಿನ 1/125ರಿಂದ 1/60ಕ್ಕೆ ಹೆಚ್ಚಿಸಿದರೆ ಬೆಳಕು ಸುಮಾರು ಇಮ್ಮಡಿಯಾಗುತ್ತದೆ. ಆದಕಾರಣ ಒಂದನ್ನು ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸಿದರೆ ಬೆಳಕಿನ ಮೊತ್ತವು ಬದಲಾಗದು. ಚಿತ್ರವು ಮಾತ್ರ ಬೇರೆಯಾಗುವುದು. ಕಿರಿದಾದ ರಂಧ್ರದಿಂದ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗುತ್ತವೆ. ದೀರ್ಘವಾದ ಕಾಲದಿಂದ ಚಲಿಸುವ ವಸ್ತು ಮಸುಕಾಗುತ್ತದೆ. ಯಾವುದನ್ನು ಆರಿಸಬೇಕೆಂಬುದನ್ನು ಗಣಿತವು ಹೇಳಲಾರದು. ಅದು ಚಿತ್ರಕಾರನ ವಿವಕ್ಷೆಗೆ ಬಿಟ್ಟದ್ದು.

ಇನ್ನೆರಡು ಅಂಗಗಳು ಮುಖ್ಯವಾದುವು. ಮೊದಲನೆಯದು ವಿಮರ್ಶೆಯ ಗೋಷ್ಠಿ. ವಿದ್ಯಾರ್ಥಿಯು ತನ್ನ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಸಹಪಾಠಿಗಳ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಎರಡನೆಯದು ಅಭ್ಯಾಸದ ಪುಸ್ತಕ. ಕೈಬಿಟ್ಟ ಯತ್ನಗಳೂ ಕೆಟ್ಟ ಪ್ರತಿಗಳೂ ಅದರಲ್ಲಿ ಉಳಿದಿರಬೇಕು, ಏಕೆಂದರೆ ಫಲದಷ್ಟೇ ಪ್ರಯತ್ನಕ್ಕೂ ಅಲ್ಲಿ ಬೆಲೆಯುಂಟು. ಬಡವರ, ರೋಗಿಗಳ, ಮಕ್ಕಳ ಚಿತ್ರವನ್ನು ತೆಗೆಯುವಾಗ ಅವರ ಅನುಮತಿಯೇನು, ಗೌರವವೇನು ಎಂಬ ಪ್ರಶ್ನೆಯೂ ಇಂಥ ಗೋಷ್ಠಿಗಳಲ್ಲಿ ಏಳುತ್ತದೆ. ಯಂತ್ರವನ್ನು ಮಾತ್ರ ಬಲ್ಲವನಿಗೆ ಈ ಪ್ರಶ್ನೆ ಹೊಳೆಯಲಾರದು.

ಶಾಲೆಯಿಲ್ಲದೆಯೇ ಈ ಕಲೆಯಲ್ಲಿ ಸಿದ್ಧಿ ಪಡೆದವರುಂಟು. 1977ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರು ಛಾಯಾಚಿತ್ರದಲ್ಲಿ ಪದವಿ ಪಡೆದವರಲ್ಲ. ಆದರೆ ಅಂಥವರು ತಳಹದಿಯಿಲ್ಲದೆ ಕಟ್ಟಿದರೆಂದು ತಿಳಿಯಬಾರದು. ತಳಹದಿಯನ್ನು ತಾವೇ ಹಾಕಿಕೊಂಡರು. ಆ ಸಾಮರ್ಥ್ಯ ಎಲ್ಲರಿಗೂ ಇರುವುದಿಲ್ಲ.

ವೆಚ್ಚದ ಮಾತನ್ನು ಮರೆಯುವಂತಿಲ್ಲ. 2025-26ನೆಯ ಸಾಲಿನಲ್ಲಿ ಇಂಗ್ಲೆಂಡಿನ ಪದವಿ ತರಗತಿಗಳಿಗೆ ಸ್ವದೇಶದ ವಿದ್ಯಾರ್ಥಿಗಳು ತೆರಬೇಕಾದ ವಾರ್ಷಿಕ ಗರಿಷ್ಠ ಶುಲ್ಕ 9,535 ಪೌಂಡುಗಳು; ಹೊರದೇಶದವರಿಗೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ಒಂದು ವರ್ಷ ಅಧಿಕವಾದರೆ ಸಾಲವೂ ಅಧಿಕ. ಪ್ರತ್ಯೇಕವಾದ ಕಲಾ ತಳಹದಿ ಡಿಪ್ಲೊಮಾವನ್ನು ಕಾಲೇಜುಗಳಲ್ಲಿ ಓದುವ ಮಾರ್ಗವೂ ಅಲ್ಲಿದೆ. ಆದುದರಿಂದ ಶಾಲೆಯಲ್ಲಿಯೇ ಚಿತ್ರಕಲೆಯನ್ನು ಚೆನ್ನಾಗಿ ಕಲಿತು, ಉತ್ತಮವಾದ ಚಿತ್ರಸಂಪುಟವನ್ನು ಸಿದ್ಧಪಡಿಸಿಕೊಂಡವನಿಗೆ ಈ ವರ್ಷದ ಅಗತ್ಯ ಬೀಳದಿರಬಹುದು. ಅಂಥವನು ನೇರವಾಗಿ ಮೂರು ವರ್ಷಗಳ ಪದವಿಗೆ ಸೇರುವುದೇ ವಿಹಿತ.

ಈ ವರ್ಷವಿರುವುದು ಮುಖ್ಯವಾಗಿ ಇನ್ನೊಬ್ಬನಿಗೆ: ಶಾಲೆಯಲ್ಲಿ ಚಿತ್ರಕಲೆಯ ಅಧ್ಯಾಪಕರನ್ನೇ ಕಾಣದವನಿಗೆ, ಅಂಕಗಳು ಸಾಲದೆ ಬಾಗಿಲಲ್ಲಿ ನಿಂತವನಿಗೆ, ಬೇರೆ ವಿಷಯವನ್ನೋದಿ ತಡವಾಗಿ ತನ್ನ ಒಲವನ್ನು ಕಂಡುಕೊಂಡವಳಿಗೆ. ಭಾರತದ ಅನೇಕ ಕಲಾಮಹಾವಿದ್ಯಾಲಯಗಳೂ ನಾಲ್ಕು ವರ್ಷಗಳ ಪದವಿಯಲ್ಲಿ ಮೊದಲ ವರ್ಷವನ್ನು ಸರ್ವಸಾಮಾನ್ಯ ತಳಹದಿಗೆ ಮೀಸಲಿಟ್ಟಿರುವುದರ ಮರ್ಮವು ಇದೇ. ಪ್ರೌಢಶಾಲೆಯ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡುವುದುಂಟು. ಹಾಗೆ ಬಿಟ್ಟುಕೊಟ್ಟ ಗಳಿಗೆಗಳ ಲೆಕ್ಕವನ್ನು ಮುಂದೆ ಯಾವನೋ ವಿದ್ಯಾರ್ಥಿಯು ಒಂದು ಇಡೀ ವರ್ಷದ ಕಾಲ ಮತ್ತು ಹಣವನ್ನು ತೆತ್ತು ತೀರಿಸಬೇಕಾಗುತ್ತದೆ. ಚಿತ್ರದ ಕೊಠಡಿಗೆ ಒಬ್ಬ ಅಧ್ಯಾಪಕರನ್ನು ಕೊಟ್ಟ ಶಾಲೆಯು ಆ ಋಣವನ್ನು ಮೊದಲೇ ತೀರಿಸಿದಂತಾಗುತ್ತದೆ.