ಇಚ್ಛೆಗೂ ಇರಲಿ ಒಂದು ಎಲ್ಲೆ

ಮಹಾನಗರದ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಅನೇಕ ಗೃಹಸ್ಥರ ಮನದಲ್ಲಿ ಒಂದು ತೋಟ ಬೆಳೆಯುತ್ತಿರುತ್ತದೆ. ಎರಡು ಎಕರೆ ನೆಲ, ಹೆಂಚಿನ ಮನೆ, ಬಾವಿ, ತೆಂಗು, ಬಾಳೆ; ಉಣ್ಣುವ ಅನ್ನವೂ ತಾವೇ ಬೆಳೆದದ್ದು. ಕರ್ನಾಟಕದಲ್ಲಿ 2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯು ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದ ಮೇಲೆ ಈ ಕನಸು ಇನ್ನಷ್ಟು ಹತ್ತಿರವೆನಿಸಿದೆ. ಯಾರ ಹಂಗೂ ಇಲ್ಲದೆ ಬಾಳುವ ಆಸೆಯಲ್ಲಿ ತಪ್ಪೇನಿದೆ ಎಂಬ ಪ್ರಶ್ನೆ ಸಹಜ.

ಜೈನಧರ್ಮವು ಕೃಷಿಯನ್ನು ಹೀಗಳೆದಿಲ್ಲ. ಆದಿತೀರ್ಥಂಕರ ವೃಷಭನಾಥರು ಪ್ರಜೆಗಳಿಗೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಅದೂ ಒಂದು. ನೇಗಿಲು ನೆಲವನ್ನು ಸೀಳುವಾಗ ಅಸಂಖ್ಯ ಜೀವಿಗಳಿಗೆ ನೋವಾಗುವುದು ನಿಜ. ಜೀವನೋಪಾಯದಲ್ಲಿ ಒದಗುವ ಇಂಥ ಹಿಂಸೆಯನ್ನು ಉದ್ಯಮೀ ಹಿಂಸೆಯೆಂದು ಗುರುತಿಸಿ, ಎಚ್ಚರದಿಂದ ತಗ್ಗಿಸಿಕೊಳ್ಳುವುದು ಶ್ರಾವಕನ ಕರ್ತವ್ಯ. ವಿಚಾರಿಸಬೇಕಾದದ್ದು ತೋಟವನ್ನು ಸದಾ ನೆನೆಯುವ ಮನಸ್ಸನ್ನು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೂರ್ಛೆಯನ್ನೇ, ಅಂದರೆ ‘ನನ್ನದು’ ಎಂಬ ಮಮತೆಯನ್ನೇ ಪರಿಗ್ರಹವೆಂದಿದ್ದಾರೆ. ಹಾಗಾದರೆ ಇನ್ನೂ ಕೊಳ್ಳದ ಭೂಮಿಯೂ ಪರಿಗ್ರಹವಾಗಬಲ್ಲದು. ಪತ್ರವಿಲ್ಲ, ಬೇಲಿಯಿಲ್ಲ, ಮನಸ್ಸು ಮಾತ್ರ ಆಗಲೇ ಒಡೆಯನಾಗಿರುತ್ತದೆ. ಸಾಮಾಯಿಕಕ್ಕೆ ಕುಳಿತಾಗಲೂ ಬಾವಿ ಎಲ್ಲಿ ತೋಡಿಸಬೇಕೆಂಬ ಲೆಕ್ಕಾಚಾರ. ಮುಂದಿನ ಸುಖಕ್ಕಾಗಿ ಹಂಬಲಿಸುವ ಈ ಚಿಂತೆ ‘ನಿದಾನ’ವೆಂಬ ಆರ್ತಧ್ಯಾನದತ್ತ ಜಾರುತ್ತದೆ. ಆಗ ಇರುವ ಮನೆ ಸೆರೆಯಾಗಿ, ಜೊತೆಗಿರುವವರು ಅಡ್ಡಿಯಾಗಿ ತೋರತೊಡಗುತ್ತಾರೆ. ‘ಅಲ್ಲಿಗೆ ಹೋದ ಮೇಲೆ’ ಎಂದು ಧರ್ಮಾಚರಣೆಯೂ ಮುಂದಕ್ಕೆ ಹೋಗುತ್ತದೆ.

ಸ್ಥಳ ಬದಲಾದ ಮಾತ್ರಕ್ಕೆ ಮಮತೆ ಅಳಿಯದು. ಬಾಹುಬಲಿ ಸ್ವಾಮಿ ರಾಜ್ಯವನ್ನೇ ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರು. ಮೈಗೆ ಬಳ್ಳಿಗಳು ಹಬ್ಬಿದವು. ಆದರೂ ತಾವು ನಿಂತ ನೆಲ ಭರತನದೆಂಬ ಶಲ್ಯವೊಂದು ಒಳಗೆ ಉಳಿದಿತ್ತು, ಅದು ಕಳೆದ ಮೇಲೆಯೇ ಕೇವಲಜ್ಞಾನ ಉದಿಸಿತು ಎಂದು ನಾಡಿನ ಜೈನರು ಹೇಳಿಕೊಂಡು ಬಂದಿದ್ದಾರೆ. ಇತ್ತ ಭರತ ಚಕ್ರವರ್ತಿ ಅರಮನೆಯಲ್ಲಿದ್ದೂ ಅದಕ್ಕೆ ಅಂಟಿಕೊಳ್ಳದೆ ಬಾಳಿದವನು. ರತ್ನಾಕರವರ್ಣಿಯ ‘ಭರತೇಶ ವೈಭವ’ವು ಭೋಗದ ನಡುವೆ ಯೋಗಿಯಾಗಿದ್ದ ಈತನ ಕಥೆ.

ಪರಿಹಾರವೆಂದರೆ ಕನಸಿಗೊಂದು ಅಳತೆ ಹಾಕುವುದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತಕ್ಕೆ ‘ಇಚ್ಛಾಪರಿಮಾಣ’ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ವಸ್ತುವಿನೊಂದಿಗೆ ಬಯಕೆಗೂ ಗಡಿ ಬೇಕೆಂಬುದು ಇದರ ಭಾವ. ಈ ವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ಮೊದಲು ಹೆಸರಿಸುವುದೇ ಹೊಲ-ಮನೆಗಳನ್ನು. ಎಷ್ಟು ನೆಲ ಸಾಕೆಂದು ಇಂದೇ ನಿಶ್ಚಯಿಸಿ, ಅದಕ್ಕೆ ಮೀರಿದ್ದನ್ನು ಮನಸ್ಸಿನಿಂದಲೂ ಬಿಟ್ಟವರಿಗೆ ಕನಸು ಸಂಕಲ್ಪವಾಗುತ್ತದೆ. ನೆಲವೇ ಬೇಡವೆನಿಸಿದರೆ ಅದು ಇನ್ನೂ ಹಗುರ.

ಸ್ವಾವಲಂಬನೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನೀರನ್ನು ಸೋಸಿ ಮಿತವಾಗಿ ಬಳಸುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ತನ್ನ ಬಟ್ಟೆ-ಪಾತ್ರೆಗಳನ್ನು ತಾನೇ ತೊಳೆಯುವುದು, ಇಂದು ಇಷ್ಟೇ ಸಾಕೆಂದು ಭೋಗೋಪಭೋಗಗಳಿಗೆ ಮಿತಿ ಇಟ್ಟುಕೊಳ್ಳುವುದು: ಇವೆಲ್ಲ ಮೂರನೆಯ ಮಹಡಿಯಲ್ಲೂ ಸಾಧ್ಯ. ಅಗತ್ಯ ತಗ್ಗಿದಷ್ಟೂ ಪರರ ಹಂಗು ತಗ್ಗುತ್ತದೆ. ಹಾಗೆ ಬಾಳಲು ಕಲಿತವರು ನಾಳೆ ಹೊಲಕ್ಕೆ ಹೋದರೂ ನಗರದಲ್ಲೇ ಉಳಿದರೂ ನೆಮ್ಮದಿಯಿಂದಿರುತ್ತಾರೆ.