ಸೋತೆತ್ತಿನ ಬಾಲ ಹಿಡಿದವರು

ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. ಗೆಲುವು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೆ ಸರಿದು ನಿಲ್ಲುವ ಮನುಷ್ಯಸ್ವಭಾವವನ್ನು ಹಿರಿಯರು ಈ ಒಂದು ಮಾತಿನಲ್ಲಿ ಹಿಡಿದಿಟ್ಟಿದ್ದಾರೆ. ಚುನಾವಣೆಯಲ್ಲಿ, ವ್ಯಾಪಾರದಲ್ಲಿ, ಕೆಲವೊಮ್ಮೆ ನೆಂಟಸ್ತಿಕೆಯಲ್ಲಿಯೂ ಇದನ್ನು ಕಾಣುತ್ತೇವೆ. ಆಟದ ಮೈದಾನದಲ್ಲಂತೂ ಇದು ಎದ್ದು ಕಾಣುತ್ತದೆ. ತಂಡ ಗೆಲ್ಲುತ್ತಿರುವಷ್ಟು ದಿನ ಜನಜಂಗುಳಿ. ಸೋಲಲು ತೊಡಗಿದರೆ ಬೆಂಚುಗಳು ಖಾಲಿ.

ಆದರೆ ಸೋತೆತ್ತಿನ ಬಾಲವನ್ನೂ ಕೈಬಿಡದೆ ಹಿಡಿದವರ ಕಥೆಯೊಂದು ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿದೆ. ಆ ತಂಡದ ಅಭಿಮಾನಿಗಳಲ್ಲಿ ನಮಗೆಲ್ಲರಿಗೂ ಪರಿಚಿತರಾದವರೊಬ್ಬರಿದ್ದರು. 2025ರ ಏಪ್ರಿಲ್ 21ರಂದು ಪ್ರಭುವಿನಲ್ಲಿ ವಿಶ್ರಮಿಸಿದ ಪೋಪ್ ಫ್ರಾನ್ಸಿಸ್ ಅವರೇ ಆ ವ್ಯಕ್ತಿ. ತಂಡದ ಹೆಸರು ಸಾನ್ ಲೊರೆನ್ಸೊ, ಅಂದರೆ ಸಂತ ಲಾರೆನ್ಸ್.

ಈ ಕ್ಲಬ್ಬಿನ ಹುಟ್ಟೇ ಒಂದು ಆತಿಥ್ಯದ ಪ್ರಸಂಗ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬ್ಯೂನಸ್ ಐರಿಸ್ ನಗರದ ಅಲ್ಮಾಗ್ರೊ ಬಡಾವಣೆಯ ಹುಡುಗರಿಗೆ ಆಡಲು ಬೀದಿಯ ಹೊರತು ಬೇರೆ ಜಾಗವಿರಲಿಲ್ಲ. ಆ ಬೀದಿಯಲ್ಲಿಯೇ ಟ್ರಾಮ್ ಗಾಡಿಗಳೂ ಓಡುತ್ತಿದ್ದವು. ಒಂದು ದಿನ ಚೆಂಡಿನ ಹಿಂದೆ ಓಡಿದ ಹುಡುಗನೊಬ್ಬ ಟ್ರಾಮಿಗೆ ಸಿಕ್ಕಿ ಸಾಯುವುದರಲ್ಲಿದ್ದನೆಂದು ಕ್ಲಬ್ಬಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಅದನ್ನು ಕಂಡ ಸಲೇಸಿಯನ್ ಸಭೆಯ ಗುರು ಲೊರೆನ್ಸೊ ಮಾಸ್ಸಾ ಹುಡುಗರನ್ನು ಗದರಿಸಿ ಓಡಿಸಲಿಲ್ಲ. ದೇವಾಲಯದ ಹಿಂದಿನ ಅಂಗಳವನ್ನು ಅವರಿಗೆ ಬಿಟ್ಟುಕೊಟ್ಟರು. ಭಾನುವಾರ ಬಲಿಪೂಜೆಗೆ ಬರಬೇಕು ಎಂಬುದೊಂದೇ ಅವರ ಷರತ್ತು. ದೋನ್ ಬೋಸ್ಕೊ ಶಾಲೆಗಳ ಅಂಗಳದಲ್ಲಿ ಆಡಿ ಬೆಳೆದ ನಮ್ಮ ನಾಡಿನ ಮಕ್ಕಳಿಗೂ ಇದು ಹೊಸ ಪದ್ಧತಿಯಲ್ಲ. 1908ರ ಏಪ್ರಿಲ್ 1ರಂದು ಕ್ಲಬ್ಬು ವಿಧಿವತ್ತಾಗಿ ಆರಂಭವಾದಾಗ ಹುಡುಗರು ಅದಕ್ಕೆ ಗುರುಗಳ ಹೆಸರನ್ನೇ ಇಡಬಯಸಿದರು. ಅವರು ಒಪ್ಪಲಿಲ್ಲ. ರಕ್ತಸಾಕ್ಷಿ ಸಂತ ಲಾರೆನ್ಸರನ್ನೂ, 1813ರಲ್ಲಿ ಅರ್ಜೆಂಟೀನಾದ ಸ್ವಾತಂತ್ರ್ಯಕ್ಕಾಗಿ ನಡೆದ ಸಾನ್ ಲೊರೆನ್ಸೊ ಕದನವನ್ನೂ ನೆನೆಯುವುದಾದರೆ ಮಾತ್ರ ಆ ಹೆಸರಿರಲಿ ಎಂದರು.

ಖೋರ್ಹೆ ಬೆರ್ಗೊಲಿಯೊ ಹುಟ್ಟಿದ್ದು 1936ರಲ್ಲಿ, ಅದೇ ನಗರದ ಫ್ಲೋರೆಸ್ ಬಡಾವಣೆಯಲ್ಲಿ. ಅವರ ತಂದೆ ಇಟಲಿಯಿಂದ ವಲಸೆ ಬಂದು ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದವರು. ಸಾನ್ ಲೊರೆನ್ಸೊ ಕ್ಲಬ್ಬಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಮಗ ಆಟದಲ್ಲಿ ನಿಪುಣನಾಗಿರಲಿಲ್ಲ. ಬೀದಿಯಲ್ಲಿ ಚಿಂದಿಬಟ್ಟೆಯ ಚೆಂಡಿನಿಂದ ಆಡುವಾಗ ತನ್ನನ್ನು ಗೋಲು ಕಾಯಲು ನಿಲ್ಲಿಸುತ್ತಿದ್ದರೆಂದು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಆಡಲು ಬಾರದಿದ್ದರೂ ನೋಡುವುದರಲ್ಲಿ ಹಿಂದೆ ಬೀಳಲಿಲ್ಲ. 1946ರಲ್ಲಿ ಸಾನ್ ಲೊರೆನ್ಸೊ ರಾಷ್ಟ್ರದ ಚಾಂಪಿಯನ್ ಆಯಿತು. ಒಂಬತ್ತು ವರ್ಷದ ಬಾಲಕ ಆ ವರ್ಷ ಮನೆಯವರೊಡನೆ ತಂಡದ ಪಂದ್ಯಗಳಿಗೆ ಬಿಡದೆ ಹೋದ. ಫಾರ್ರೊ, ಪೊಂತೊನಿ, ಮಾರ್ತಿನೊ ಎಂಬ ಮೂವರು ಮುಂಪಡೆ ಆಟಗಾರರ ಹೆಸರುಗಳು ಆತನಿಗೆ ಬಾಯಿಪಾಠವಾದವು. ರಾಸಿಂಗ್ ತಂಡದ ವಿರುದ್ಧ ಪೊಂತೊನಿ ಹೊಡೆದ ಒಂದು ಗೋಲನ್ನು ಅವರು ವಿಶ್ವಧರ್ಮಸಭೆಯ ಹೊಣೆ ಹೊತ್ತ ಮೇಲೂ, ಎಂಬತ್ತರ ಹತ್ತಿರದಲ್ಲಿಯೂ ನೆನೆಯುತ್ತಿದ್ದರು. ಗೋಲಿನ ಜೊತೆಗೆ ಇನ್ನೂ ಒಂದು ನೆನಪಿತ್ತು: ಪಂದ್ಯ ಮುಗಿದು ಮನೆಗೆ ಮರಳುವಾಗ ತಂದೆ ಪಿಜ್ಜಾ ಕಟ್ಟಿಸಿಕೊಳ್ಳುತ್ತಿದ್ದರು ಎಂಬುದು.

ಆ ಪಂದ್ಯಗಳು ನಡೆಯುತ್ತಿದ್ದುದು ಬೊಎದೊ ಬಡಾವಣೆಯಲ್ಲಿ, 1916ರಲ್ಲಿ ಆರಂಭವಾದ ಕ್ರೀಡಾಂಗಣದಲ್ಲಿ. ಮರದ ಹಲಗೆಗಳ ಎತ್ತರದ ಮೆಟ್ಟಿಲುಸಾಲುಗಳು ಹೊರಗಿನಿಂದ ನೋಡಿದರೆ ಅನಿಲ ಸಂಗ್ರಹಿಸುವ ದೊಡ್ಡ ತೊಟ್ಟಿಯಂತೆ ತೋರುತ್ತಿದ್ದುದರಿಂದ ಜನ ಅದನ್ನು ಗಾಸೊಮೆತ್ರೊ ಎಂದು ಕರೆದರು. ಅರ್ಜೆಂಟೀನಾದ ದೊಡ್ಡ ದೊಡ್ಡ ಪಂದ್ಯಗಳು ಅಲ್ಲಿ ನಡೆದವು. ಅದರ ಸುತ್ತಲೂ ಮನೆಗಳಿದ್ದವು, ಅಂಗಡಿಗಳಿದ್ದವು. ಭಾನುವಾರದ ಪಂದ್ಯ ಇಡೀ ಬಡಾವಣೆಯ ಹಬ್ಬವಾಗಿತ್ತು.

1976ರಲ್ಲಿ ದೇಶದ ಆಡಳಿತ ಸೈನ್ಯದ ಕೈಗೆ ಹೋಯಿತು. ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ಕ್ರೀಡಾಂಗಣದ ನಡುವೆ ರಸ್ತೆಗಳನ್ನು ಹಾಯಿಸಬೇಕೆಂದು ಸೈನಿಕ ಸರ್ಕಾರದ ನಗರಾಡಳಿತ ಪಟ್ಟುಹಿಡಿಯಿತು. 1979ರ ಡಿಸೆಂಬರ್ 2ರಂದು ಬೊಕಾ ಜೂನಿಯರ್ಸ್ ತಂಡದೊಡನೆ ನಡೆದ ಪಂದ್ಯವೇ ಅಲ್ಲಿನ ಕೊನೆಯ ಪಂದ್ಯ. ಎರಡೂ ತಂಡಗಳು ಗೋಲು ಗಳಿಸಲಿಲ್ಲ. ಹಲಗೆಗಳನ್ನು ಕಳಚಿದರು, ನೆಲವನ್ನು ಮಾರಿದರು. ಹೇಳಿದ ರಸ್ತೆಗಳು ಮಾತ್ರ ಬರಲೇ ಇಲ್ಲ. 1985ರಲ್ಲಿ ಆ ನೆಲದ ಮೇಲೆ ಒಂದು ಸೂಪರ್ ಮಾರ್ಕೆಟ್ ಬಾಗಿಲು ತೆರೆಯಿತು.

ಮನೆ ಹೋದ ಮೇಲೆ ಮಾನವೂ ಹೋಯಿತು. 1981ರ ಆಗಸ್ಟ್ 15. ನಮಗೆ ಅದು ಸ್ವಾತಂತ್ರ್ಯದ ದಿನ. ಲೋಕದ ಕಥೋಲಿಕರಿಗೆಲ್ಲ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಅಂದು ಲೀಗಿನ ಕೊನೆಯ ಸುತ್ತು. ಎದುರಾಳಿ ಅರ್ಜೆಂಟಿನೋಸ್ ಜೂನಿಯರ್ಸ್. ಪಂದ್ಯ ಸಮವಾದರೂ ಸಾಕಿತ್ತು, ಸಾನ್ ಲೊರೆನ್ಸೊ ಮೊದಲ ದರ್ಜೆಯಲ್ಲಿ ಉಳಿಯುತ್ತಿತ್ತು. ಅದಕ್ಕೆ ಸಿಕ್ಕಿದ ಪೆನಾಲ್ಟಿ ಕೈತಪ್ಪಿತು. ಎದುರಾಳಿಗೆ ಸಿಕ್ಕಿದ ಪೆನಾಲ್ಟಿ ಗೋಲಾಯಿತು. ಒಂದು ಗೋಲಿನಿಂದ ಸೋತು ತಂಡ ಎರಡನೆಯ ದರ್ಜೆಗೆ ಇಳಿಯಿತು. ಅರ್ಜೆಂಟೀನಾದ ಐದು ದೊಡ್ಡ ಕ್ಲಬ್ಬುಗಳೆಂದು ಹೆಸರಾದವುಗಳಲ್ಲಿ ಹೀಗೆ ಕೆಳಗಿಳಿದದ್ದು ಇದೇ ಮೊದಲು.

ಎರಡನೆಯ ದರ್ಜೆ ಎಂದರೆ ಏನು? ಸಣ್ಣ ಊರುಗಳ, ಹೊರವಲಯದ ಬಡಾವಣೆಗಳ ಸಣ್ಣ ತಂಡಗಳೊಡನೆ ಆಟ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ಸುದ್ದಿ. ಬರವಣಿಗೆಯ ನಿಯಮದಂತೆ ಹೋದರೆ ಈ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1982ರಲ್ಲಿ ಸಾನ್ ಲೊರೆನ್ಸೊಗೆ ಸ್ವಂತ ಮೈದಾನವಿರಲಿಲ್ಲ, ತಾರಾ ಆಟಗಾರರಿರಲಿಲ್ಲ, ಗೆದ್ದರೂ ಹೇಳಿಕೊಳ್ಳುವಂಥ ಕಿರೀಟವಿರಲಿಲ್ಲ. ದೇಶವೂ ಆ ವರ್ಷ ಫಾಕ್‌ಲೆಂಡ್ ದ್ವೀಪಗಳ ಯುದ್ಧದಲ್ಲಿ ಸೋತು ಕುಗ್ಗಿತ್ತು. ಆದರೂ ಜನ ಬಂದರು. ತಂಡ ಬಾಡಿಗೆಗೆ ಹಿಡಿದ ಪರರ ಮೈದಾನಗಳಿಗೆ ಬಸ್ಸು ಹಿಡಿದು, ರೈಲು ಹತ್ತಿ ಬಂದರು. ರಿವರ್ ಪ್ಲೇಟ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ ಟೀಗ್ರೆ ತಂಡದೊಡನೆ ನಡೆದ ಎರಡನೆಯ ದರ್ಜೆಯ ಪಂದ್ಯವೊಂದಕ್ಕೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. ನವೆಂಬರ್ 6ರಂದು ಎಲ್ ಪೊರ್ವೆನೀರ್ ಎಂಬ ಸಣ್ಣ ತಂಡವನ್ನು ಒಂದೇ ಗೋಲಿನಿಂದ ಸೋಲಿಸಿ ಸಾನ್ ಲೊರೆನ್ಸೊ ಮತ್ತೆ ಮೊದಲ ದರ್ಜೆಗೆ ಏರಿತು. ಆ ಪಂದ್ಯ ನಡೆದದ್ದು ಕೂಡ ಬೇರೆಯವರ ಮೈದಾನದಲ್ಲಿಯೇ.

ಆ ದಿನಗಳನ್ನು ಕಂಡ ಅಭಿಮಾನಿಗಳನ್ನು ಮಾತನಾಡಿಸಿದವರೆಲ್ಲರಿಗೂ ಒಂದು ಸಂಗತಿ ಆಶ್ಚರ್ಯ ತಂದಿದೆ. ಅವರು ಕಿರೀಟ ಗೆದ್ದ ವರ್ಷಗಳಿಗಿಂತ 1982ನ್ನೇ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇದಕ್ಕೆ ಕಾರಣವೇನು?

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಪ್ರಯೋಜನಕ್ಕಾಗಿ ಮಾಡುವ ಸ್ನೇಹ ಒಂದು. ಸಂತೋಷಕ್ಕಾಗಿ ಮಾಡುವ ಸ್ನೇಹ ಇನ್ನೊಂದು. ಸ್ನೇಹಿತನ ಒಳಿತನ್ನು ಆತನಿಗಾಗಿಯೇ ಬಯಸುವ ಸ್ನೇಹ ಮೂರನೆಯದು. ಮೊದಲೆರಡು ಬೇಗ ಮುರಿಯುತ್ತವೆ. ಪ್ರಯೋಜನ ತೀರಿದರೆ, ಸಂತೋಷ ಬತ್ತಿದರೆ ಅವು ನಿಲ್ಲಲಾರವು. ಗೆಲುವಿನ ದಿನಗಳಲ್ಲಿ ಈ ಮೂರೂ ಒಂದೇ ರೀತಿ ಕಾಣುವುದರಿಂದ ತನ್ನ ಪ್ರೀತಿ ಯಾವ ಬಗೆಯದೆಂದು ಅಭಿಮಾನಿಗೇ ತಿಳಿಯುವುದಿಲ್ಲ. ಎರಡನೆಯ ದರ್ಜೆಗೆ ಇಳಿದ ತಂಡ ಪ್ರಯೋಜನವನ್ನೂ ಕೊಡಲಾರದು, ಸಂತೋಷವನ್ನೂ ಕೊಡಲಾರದು. ಆಗಲೂ ಮಳೆಯಲ್ಲಿ ನೆನೆಯುತ್ತ ಮೆಟ್ಟಿಲ ಮೇಲೆ ನಿಂತವನಿಗೆ ತನ್ನ ಬಗ್ಗೆ ಒಂದು ಸತ್ಯ ತಿಳಿಯುತ್ತದೆ. 1982ರ ಹೆಮ್ಮೆ ತಂಡದ ಸಾಧನೆಯ ಹೆಮ್ಮೆಯಲ್ಲ. ನಾವು ಬಿಟ್ಟುಹೋಗಲಿಲ್ಲ ಎಂಬ ಅರಿವಿನ ಹೆಮ್ಮೆ.

ಮೊದಲ ದರ್ಜೆಗೆ ಮರಳಿದರೂ ಮನೆ ಮರಳಿರಲಿಲ್ಲ. ಹದಿನಾಲ್ಕು ವರ್ಷ ತಂಡ ಪರರ ಅಂಗಳದಲ್ಲಿ ಆಡಿತು. ಗುರುವೊಬ್ಬರ ಅಂಗಳದಲ್ಲಿ ಹುಟ್ಟಿದ ಕ್ಲಬ್ಬು ಮತ್ತೆ ಅತಿಥಿಯಾಗಿಯೇ ಬಾಳಿತು. 1993ರ ಡಿಸೆಂಬರಿನಲ್ಲಿ ನಗರದ ಬೇರೊಂದು ಭಾಗದಲ್ಲಿ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಆದರೂ ಬೊಎದೊದ ನೆಲವನ್ನು ಜನ ಮರೆಯಲಿಲ್ಲ. 2012ರ ಮಾರ್ಚ್ 8ರಂದು ಸುಮಾರು ಒಂದು ಲಕ್ಷ ಮಂದಿ ನಗರದ ಹೃದಯಭಾಗದ ಮೇ ಚೌಕಕ್ಕೆ ನಡೆದು ಹೋಗಿ ಆ ನೆಲವನ್ನು ಹಿಂದಿರುಗಿಸಬೇಕೆಂದು ಕೇಳಿದರು. ಅವರಲ್ಲಿ ಬಹಳಷ್ಟು ಮಂದಿ ಗಾಸೊಮೆತ್ರೊವನ್ನು ಕಣ್ಣಾರೆ ಕಂಡವರೇ ಅಲ್ಲ. ಅಜ್ಜಂದಿರ ಬಾಯಲ್ಲಿ ಕೇಳಿದವರು. ಅದೇ ವರ್ಷ ನವೆಂಬರಿನಲ್ಲಿ ನಗರದ ಶಾಸನಸಭೆ ಅದಕ್ಕಾಗಿ ಕಾನೂನು ಮಾಡಿತು. ಕ್ಲಬ್ಬು ಹಣ ತೆತ್ತು ಆ ಜಾಗವನ್ನು ಕೊಳ್ಳಬೇಕಾದುದರಿಂದ ಅಭಿಮಾನಿಗಳು ಒಂದೊಂದು ಚದರ ಮೀಟರಿನ ಲೆಕ್ಕದಲ್ಲಿ ಹಣ ಕೂಡಿಸಿದರು. 2019ರಲ್ಲಿ ನೆಲ ಕೈಸೇರಿತು.

ಬೆರ್ಗೊಲಿಯೊ ಈ ಎಲ್ಲ ಕಾಲದಲ್ಲಿಯೂ ಸಾನ್ ಲೊರೆನ್ಸೊ ಅಭಿಮಾನಿಯಾಗಿಯೇ ಉಳಿದರು. ಯೇಸುಸಭೆಯ ಗುರುವಾಗಿ, ಮಹಾಧರ್ಮಾಧ್ಯಕ್ಷರಾಗಿ, ಕಾರ್ಡಿನಲ್ ಆಗಿ ಅವರ ಬದುಕು ಬದಲಾಯಿತು, ತಂಡ ಬದಲಾಗಲಿಲ್ಲ. ಕ್ಲಬ್ಬಿನ ಶತಮಾನೋತ್ಸವದ ವರ್ಷವಾದ 2008ರಲ್ಲಿ ಅವರು ಅದರ ಸದಸ್ಯತ್ವ ಪಡೆದರು. 1990ರ ಜುಲೈ ತಿಂಗಳಲ್ಲಿ ಇನ್ನು ಮುಂದೆ ಟೆಲಿವಿಷನ್ ನೋಡುವುದಿಲ್ಲವೆಂದು ಅವರು ಕಾರ್ಮೆಲ್ ಮಾತೆಗೆ ಮಾತು ಕೊಟ್ಟಿದ್ದರು. ಅಂದಿನಿಂದ ತನ್ನ ಪ್ರೀತಿಯ ತಂಡದ ಆಟವನ್ನೂ ಪರದೆಯ ಮೇಲೆ ಕಾಣಲಿಲ್ಲ. 2013ರಲ್ಲಿ ಪೋಪ್ ಆದ ಮೇಲೆ ಸ್ವಿಸ್ ಕಾವಲುಗಾರನೊಬ್ಬ ವಾರವಾರ ಪಂದ್ಯದ ಫಲಿತಾಂಶವನ್ನೂ ಅಂಕಪಟ್ಟಿಯಲ್ಲಿ ತಂಡದ ಸ್ಥಾನವನ್ನೂ ಅವರ ಮೇಜಿನ ಮೇಲೆ ಇಟ್ಟುಹೋಗುತ್ತಿದ್ದ. ಒಂದು ಚೀಟಿ, ಕೆಲವು ಅಂಕಿಗಳು, ಅಷ್ಟೇ. 2014ರ ಆಗಸ್ಟ್‌ನಲ್ಲಿ ಸಾನ್ ಲೊರೆನ್ಸೊ ಮೊದಲ ಬಾರಿಗೆ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಅತ್ಯುನ್ನತ ಕಪ್ಪಾದ ಕೋಪಾ ಲಿಬೆರ್ತದೋರೆಸ್ ಗೆದ್ದಾಗ ಆಟಗಾರರು ಅದನ್ನು ವ್ಯಾಟಿಕನ್ನಿಗೆ ಹೊತ್ತು ತಂದು ಅವರ ಕೈಗಿತ್ತರು. ಆ ಗೆಲುವಿನ ಆಟವನ್ನೂ ಅವರು ನೋಡಿರಲಿಲ್ಲ.

ಅವರ ಸದಸ್ಯತ್ವದ ಸಂಖ್ಯೆ 88235. ಅವರು ತೀರಿಕೊಂಡಾಗ ವಯಸ್ಸು 88. ಬ್ಯೂನಸ್ ಐರಿಸ್ ಗಡಿಯಾರದಲ್ಲಿ ಬೆಳಗಿನ ಜಾವ 2 ಗಂಟೆ 35 ನಿಮಿಷ. ಅಭಿಮಾನಿಗಳು ಈ ಹೊಂದಿಕೆಯನ್ನು ಕಂಡು ಕಣ್ಣೀರಿಟ್ಟರು. ಅಂಕಿಗಳಲ್ಲಿ ದೈವಸಂಕೇತ ಹುಡುಕುವುದು ನಮ್ಮ ವಿಶ್ವಾಸದ ದಾರಿಯಲ್ಲ. ಆದರೆ ಅಗಲಿದವರ ಸಣ್ಣ ಕುರುಹೊಂದನ್ನು ಎದೆಗೊತ್ತಿಕೊಳ್ಳುವ ಬಡಪ್ರೀತಿಯನ್ನು ಯಾರೂ ಹೀಯಾಳಿಸಬೇಕಾಗಿಲ್ಲ.

ಈ ಅಭಿಮಾನಕ್ಕೆ ಒಂದು ಕತ್ತಲೆಯ ಬದಿಯೂ ಉಂಟು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅರ್ಜೆಂಟೀನಾದ ಮೈದಾನಗಳಲ್ಲಿ ಪುಂಡರ ಗುಂಪುಗಳು ಕ್ಲಬ್ಬಿನ ಹೆಸರಿನಲ್ಲಿಯೇ ರಕ್ತ ಹರಿಸಿವೆ. 2013ರಲ್ಲಿ ಅಲ್ಲಿನ ಲೀಗ್ ಪಂದ್ಯಗಳಿಗೆ ಎದುರಾಳಿ ತಂಡದ ಅಭಿಮಾನಿಗಳು ಬರುವುದನ್ನೇ ನಿಷೇಧಿಸಬೇಕಾಯಿತು. ನಮ್ಮದನ್ನು ಪ್ರೀತಿಸುವುದೆಂದರೆ ಇನ್ನೊಬ್ಬರದನ್ನು ದ್ವೇಷಿಸುವುದು ಎಂಬ ಭ್ರಮೆ ಆಟದಲ್ಲಿಯೂ ಹುಟ್ಟುತ್ತದೆ, ಜಾತಿ ಭಾಷೆಗಳಲ್ಲಿಯೂ ಹುಟ್ಟುತ್ತದೆ. ಸಾನ್ ಲೊರೆನ್ಸೊದ ಚರಿತ್ರೆಯೇ ಇದಕ್ಕೆ ಉತ್ತರವಾಗಬಲ್ಲದು. ಎದುರಾಳಿಗಳು ತಮ್ಮ ಮೈದಾನದ ಬಾಗಿಲು ತೆರೆಯದಿದ್ದರೆ 1982ರಲ್ಲಿ ಆ ತಂಡಕ್ಕೆ ನಿಂತು ಆಡಲು ಒಂದು ಗೇಣು ನೆಲವೂ ಇರುತ್ತಿರಲಿಲ್ಲ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ಮಕ್ಕಳಿಗೆ ಗೆಲ್ಲುವುದನ್ನು ಕಲಿಸಲು ನಾವು ಬಹಳ ಶ್ರಮಪಡುತ್ತೇವೆ. ಮೊದಲ ಸ್ಥಾನ, ಮೊದಲ ದರ್ಜೆ ಎಂಬ ಮಾತುಗಳು ಪರೀಕ್ಷೆಯ ದಿನಗಳಲ್ಲಿ ಊಟದ ಎಲೆಯ ಮುಂದೆಯೂ ಕೇಳಿಬರುತ್ತವೆ. ಎರಡನೆಯ ದರ್ಜೆಗೆ ಇಳಿದವರ ಜೊತೆ ನಿಲ್ಲುವುದನ್ನು ಅವರು ಎಲ್ಲಿ ಕಲಿಯಬೇಕು? ಕೆಲಸ ಕಳೆದುಕೊಂಡ ಚಿಕ್ಕಪ್ಪ, ಫೇಲಾದ ಅಣ್ಣ, ಹಾಸಿಗೆ ಹಿಡಿದ ಅಜ್ಜಿ, ಜನ ಕಡಿಮೆಯಾದ ಊರಿನ ದೇವಾಲಯ, ಇವರೆಲ್ಲ ಪ್ರಯೋಜನವನ್ನೂ ಸಂತೋಷವನ್ನೂ ಕೊಡಲಾಗದ ದಿನಗಳು ಬರುತ್ತವೆ. ಆ ದಿನಗಳಲ್ಲಿ ಮಕ್ಕಳು ನಮ್ಮ ಉಪದೇಶವನ್ನು ಕೇಳುವುದಿಲ್ಲ. ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ನೋಡುತ್ತಾರೆ.

ಒಂಬತ್ತು ವರ್ಷದ ಆ ಬಾಲಕನಿಗೆ ತಂದೆ ನಿಷ್ಠೆಯ ಮೇಲೆ ಭಾಷಣ ಮಾಡಿದ್ದರೆಂದು ಎಲ್ಲಿಯೂ ಬರೆದಿಲ್ಲ. ಮಗನ ಕೈಹಿಡಿದು ಮೈದಾನಕ್ಕೆ ಕರೆದೊಯ್ದರು, ಪಂದ್ಯ ಮುಗಿದ ಮೇಲೆ ಪಿಜ್ಜಾ ಕೊಡಿಸಿ ಮನೆಗೆ ಕರೆತಂದರು. ಈ ವಾರ ನಿಮ್ಮ ಊರಿನ ಶಾಲಾ ಮೈದಾನದಲ್ಲಿ ಯಾವುದಾದರೂ ಸಣ್ಣ ತಂಡ ಆಡುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅದು ಸೋಲುತ್ತಿದ್ದರೂ ಕೊನೆಯ ಸೀಟಿ ಊದುವವರೆಗೆ ಅಲ್ಲಿಯೇ ಇರಿ.