ಔಷಧದ ಚೀಟಿಯೂ ರೋಗಾಣುವಿನ ಲೆಕ್ಕವೂ

ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಸಿರುಗುಪ್ಪದ ರೈತನೂ ಹತ್ತಿ, ಮೆಣಸಿನಕಾಯಿ ಬೆಳೆಯುವ ಕುರುಗೋಡಿನ ರೈತನೂ ಒಂದು ಸತ್ಯವನ್ನು ಅನುಭವದಿಂದಲೇ ಬಲ್ಲರು. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಸಿಂಪಡಿಸಿದರೆ, ಕೆಲವು ವರ್ಷಗಳಲ್ಲಿ ಹುಳುಗಳು ಅದಕ್ಕೆ ಬಗ್ಗವು. ನಮ್ಮ ದೇಹವೆಂಬ ಹೊಲದಲ್ಲಿಯೂ ಇಂಥದೇ ಪರಿವರ್ತನೆ ನಡೆಯುತ್ತಿದೆ. ಪ್ರತಿಜೈವಿಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದ 2019ನೆಯ ಇಸವಿಯೊಂದರಲ್ಲೇ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಮಡಿದರೆಂದು ಅಂದಾಜು.

ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ವೈದ್ಯವಿದ್ಯೆಯಲ್ಲಿ ಅಧಿಕಾರವಿಲ್ಲ. ಆದರೆ ಈ ಸಮಸ್ಯೆಯ ತಿರುಳಿನಲ್ಲಿ ಒಂದು ಸರಳ ಲೆಕ್ಕವಿದೆ. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 7 ಗಂಟೆಗಳಲ್ಲಿ 21 ಸಲ ಇಮ್ಮಡಿಸಿ 20,97,152 ಆಗುತ್ತದೆ. 10 ಗಂಟೆಗಳಲ್ಲಿ 107 ಕೋಟಿಯನ್ನು ದಾಟುತ್ತದೆ. ಇಷ್ಟೊಂದು ನಕಲುಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳದಿರದು. ಕೋಟ್ಯಂತರ ಜೀವಿಗಳಲ್ಲಿ ಯಾವುದೋ ಒಂದಕ್ಕೆ ಆ ತಪ್ಪೇ ರಕ್ಷಾಕವಚವಾಗುತ್ತದೆ. ಔಷಧ ಬಿದ್ದಾಗ ಉಳಿದವೆಲ್ಲ ಸತ್ತು ಅದೊಂದೇ ಬದುಕಿದರೆ, ಮುಂದಿನ ಸಂತತಿಯೆಲ್ಲ ಅದರದೇ. ಸಾಲದುದಕ್ಕೆ, ಈ ಕವಚವನ್ನು ಒಂದು ಬ್ಯಾಕ್ಟೀರಿಯ ನೆರೆಯ ಇನ್ನೊಂದಕ್ಕೆ ದಾಟಿಸಬಲ್ಲುದೆಂದು 1959ರಲ್ಲಿ ಜಪಾನಿನ ಒಚಿಯಾಯ್ ಮತ್ತು ಅಕಿಬಾ ಎಂಬ ವಿಜ್ಞಾನಿಗಳು ಆಮಶಂಕೆಯ ರೋಗಾಣುಗಳಲ್ಲಿ ಕಂಡರು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗರು, 1945ರ ತಮ್ಮ ನೊಬೆಲ್ ಭಾಷಣದಲ್ಲಿಯೇ ಸಾಲದ ಪ್ರಮಾಣದ ಔಷಧ ರೋಗಾಣುವನ್ನು ಬಲಪಡಿಸೀತೆಂದು ಎಚ್ಚರಿಸಿದ್ದರು.

ಹಾಗಾದರೆ ವೈದ್ಯರು ಇದನ್ನು ಅರಿಯರೆ? ಚೆನ್ನಾಗಿ ಅರಿತಿರುತ್ತಾರೆ. ಒಮ್ಮೆ ನೆಗಡಿಯಿಂದ ಬಳಲುತ್ತ ನಾನೇ ಬಳ್ಳಾರಿಯ ವೈದ್ಯರೊಬ್ಬರನ್ನು ಬಲವಾದ ಗುಳಿಗೆ ಬರೆದುಕೊಡಿರೆಂದು ಪೀಡಿಸಿದೆ. ನೆಗಡಿ ವೈರಸ್ಸಿನಿಂದ ಬರುವುದು, ಪ್ರತಿಜೈವಿಕಕ್ಕೆ ಅಲ್ಲಿ ಕೆಲಸವಿಲ್ಲ ಎಂದು ವಿವರಿಸಿ ಅವರು ನಕ್ಕರು: “ಬರೆದುಕೊಡಲು ಅರ್ಧ ನಿಮಿಷ ಸಾಕು, ಮೇಷ್ಟ್ರೆ. ಬೇಡವೆಂದು ಒಪ್ಪಿಸಲು ಹತ್ತು ನಿಮಿಷ ಬೇಕು. ಹೊರಗೆ ಐವತ್ತು ಜನ ಕಾದಿದ್ದಾರೆ.”

ತೊಡಕಿರುವುದು ಇಲ್ಲಿಯೇ. ರೋಗಾಣುವನ್ನು ಬೆಳೆಸಿ ಯಾವ ಔಷಧಕ್ಕೆ ಬಗ್ಗುವುದೆಂದು ಪರೀಕ್ಷಿಸಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ದಿನಗೂಲಿ ಬಿಟ್ಟು ಬಂದ ರೋಗಿ ಅಷ್ಟು ಕಾಯಲಾರ. ಕಾದರೆ ರೋಗ ಉಲ್ಬಣಿಸೀತೆಂಬ ಅಳುಕು ವೈದ್ಯನಿಗೆ. “ಒಂದಿರಲಿ” ಎಂದು ಲೇಖನಿ ಬರೆದುಬಿಡುತ್ತದೆ.

2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಪ್ರತಿಜೈವಿಕಗಳ ವಿವೇಚನಾಯುಕ್ತ ಬಳಕೆಯೂ ಒಂದು ಕಲಿಕೆಯ ವಿಷಯ. ಆದರೆ ಪಾಠದಿಂದ ಬರುವುದು ಜ್ಞಾನ. ಅಭ್ಯಾಸ ಬರುವುದು ಹಿರಿಯರನ್ನು ನೋಡಿ. ಅಳತೆಪಟ್ಟಿಯನ್ನು ಓರೆಯಾಗಿ ನೋಡಬಾರದೆಂದು ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸೊಗಸಾಗಿ ಬರೆಯುತ್ತಾರೆ; ಪ್ರಯೋಗಶಾಲೆಯಲ್ಲಿ ಅವಸರವಾದಾಗ ಓರೆಯಾಗಿಯೇ ನೋಡುತ್ತಾರೆ! ಪಕ್ಕದಲ್ಲಿ ನಿಂತು ತಿದ್ದುವವರಿದ್ದರೆ ಮಾತ್ರ ಕಣ್ಣು ಪಳಗುತ್ತದೆ. ವೈದ್ಯಶಿಕ್ಷಣಕ್ಕೂ ಈ ಮಾತು ಸಲ್ಲುತ್ತದೆ. ತಾನು ಬರೆದ ಚೀಟಿಗಳನ್ನು ವೈದ್ಯನು ಆಗಾಗ್ಗೆ ಸಹೋದ್ಯೋಗಿಗಳೊಡನೆ ಪರಿಶೀಲಿಸಬೇಕು. ತನ್ನ ಪ್ರದೇಶದಲ್ಲಿ ಯಾವ ರೋಗಾಣು ಯಾವ ಔಷಧಕ್ಕೆ ಬಗ್ಗುತ್ತಿದೆಯೆಂಬ ಪಟ್ಟಿ ಅವನ ಮೇಜಿನ ಮೇಲಿರಬೇಕು. ಬಳ್ಳಾರಿಯಲ್ಲಿ 1961ರಲ್ಲೇ ವೈದ್ಯಕೀಯ ಕಾಲೇಜು ಆರಂಭವಾಯಿತು. ಇಂಥ ಕಾಲೇಜುಗಳ ಪ್ರಯೋಗಶಾಲೆಯ ಫಲಿತಾಂಶ ತಾಲ್ಲೂಕಿನ ಆಸ್ಪತ್ರೆಗಳಿಗೂ ತಲಪಿದಷ್ಟು ಊಹೆಯ ಚಿಕಿತ್ಸೆ ಕಡಿಮೆಯಾದೀತು.

ಕಾನೂನೂ ಸುಮ್ಮನಿಲ್ಲ. 2014ರ ಮಾರ್ಚ್ 1ರಿಂದ ಹಲವು ಪ್ರಬಲ ಪ್ರತಿಜೈವಿಕಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ದಾಖಲಿಸಿ, ಆ ಪುಸ್ತಕವನ್ನು 3 ವರ್ಷ ಕಾದಿಡಬೇಕು. ಗುಳಿಗೆಯ ಹಾಳೆಯ ಮೇಲಿನ ಕೆಂಪು ಗೆರೆಯನ್ನು ಓದುಗರು ಗಮನಿಸಿರಬಹುದು. ಚೀಟಿಯಿಲ್ಲದೆ ಕೊಳ್ಳಬೇಡಿ ಎಂಬುದೇ ಅದರ ಅರ್ಥ.

ಇಂದು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವೈದ್ಯರಾಗುವರು, ಉಳಿದವರೆಲ್ಲ ಒಂದಲ್ಲ ಒಂದು ದಿನ ರೋಗಿಗಳಾಗುವರು. ವೈದ್ಯನು ಆ ಹತ್ತು ನಿಮಿಷವನ್ನು ಕೊಡಲು ಕಲಿಯಬೇಕು. ಬೇಡವೆಂದಾಗ ಒಪ್ಪಿಕೊಳ್ಳುವುದನ್ನು ನಾವೂ ಕಲಿಯಬೇಕು.